ಆಂಡರ್ಸನ್ ಕೋವಿ ಮತ್ತೆ ಬಂತಂತೆ, ಯಾವ ತೋಟಾದ್ದು ತಗೊಳ್ಳೋದು?

ಹೋದ ಸಂಚಿಕೆಯಲ್ಲಿ ಹುಲಿ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ ಹೆಗಲ ಮೇಲಿರ್ತಿದ್ದ .405 ವಿಂಚೆಸ್ಟರ್ (.405 ಅನ್ನೋದು ಅದಕ್ಕೆ ಹಾಕೋ ತೋಟಾದ ಹೆಸರು) ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅದೇ ಮಾಡೆಲನ್ನ ಈಗ ಜಪಾನಲ್ಲಿ ಮಾಡಿಸಿ ವಿಂಚೆಸ್ಟರ್ ಹೆಸರಲ್ಲೇ ಮಾರ್ತಾರೆ ಅಂತಲೂ ಹೇಳಿದ್ದೆ. ಅಷ್ಟಕ್ಕೇ ಪತ್ರ, ವಾಟ್ಸಾಪ್ ಮೆಸೇಜು ಎಲ್ಲ ಬಂದು ಬಿದ್ದಿವೆ, ಒಬ್ರಂತೂ ಅಜ್ಜನ ಕೋವಿ ಫೋಟೋನೇ ಕಳಿಸಿದಾರೆ. ಹಾಗಾಗಿ ಕಾಯಿಕೊರಕ, ಮೆಣಸಿನ ಸೊರಗು ರೋಗದ ಪ್ರಶ್ನೆಗಳೆಲ್ಲ ಮುಂದಿನ ತಿಂಗಳಿಗೆ ಇರ್ಲಿ, ಈ ಸಲ ಪೂರ್ತಿ ಕಾಲಂ ಕೋವಿಗೇ ಮೀಸಲು.

ಪ್ರ: ನಮ್ಮ ಮೂಡಿಗೆರೆಯ ತೇಜಸ್ವಿಯವರು ಕನ್ನಡಕ್ಕೆ ತಂದ ಆಂಡರ್ಸನ್ ಕತೆಗಳನ್ನ ಹೈಸ್ಕೂಲಿನಿಂದ ಓದ್ಕೊಂಡು ಬಂದೋನು ನಾನು. ಅವರ ಕೋವಿ ಮತ್ತೆ ತಯಾರಾಗ್ತಿದೆ ಅಂದ್ರೆ ಅದೇ ಕೋವಿನಾ, ಬರೀ ಹೆಸರು ಅಷ್ಟೇನಾ? — ಓದುಗರು, ಮೂಡಿಗೆರೆ

ಉ: ಅದೇ ಡಿಸೈನು ಸಾರ್, ಫ್ಯಾಕ್ಟರಿ ಮಾತ್ರ ಬೇರೆ. ಇದು 1895ರ ಮಾಡೆಲ್, ಡಿಸೈನ್ ಮಾಡಿದ್ದು ಜಾನ್ ಬ್ರೌನಿಂಗ್ ಅನ್ನೋ ಮಹಾನುಭಾವ. ಲೀವರ್ ಕೋವಿ ಅಂದ್ರೆ ಟ್ರಿಗರ್ ಸುತ್ತಲಿನ ಹಿಡಿಯನ್ನ ಕೆಳಕ್ಕೆ ತಳ್ಳಿ ಮುಚ್ಚಿದ್ರೆ ಮುಂದಿನ ತೋಟಾ ಒಳಗೆ ಬರೋ ಕೋವಿ. ಆ ಕಾಲದ ಬಹುಪಾಲು ಲೀವರ್ ಕೋವಿಗಳಲ್ಲಿ ತೋಟಾಗಳು ನಳಿಗೆ ಕೆಳಗಿನ ಕೊಳವೆಯೊಳಗೆ ಒಂದರ ಹಿಂದೆ ಒಂದು ಮಲಗಿರ್ತಿದ್ವು. ಬ್ರೌನಿಂಗ್ ಇದರಲ್ಲಿ ಅದನ್ನ ಬಿಟ್ಟು ಟ್ರಿಗರ್ ಮುಂದೆ, ಹೊಟ್ಟೆ ಭಾಗದಲ್ಲಿ ಒಂದು ಪೆಟ್ಟಿಗೆ ಮ್ಯಾಗಜೀನ್ ಇಟ್ಟ, ಅದರೊಳಗೆ ತೋಟಾ ಒಂದರ ಮೇಲೆ ಒಂದು ಕೂರುತ್ತೆ. ಅದಕ್ಕೇ ಚೂಪು ಮೂತಿ ಗುಂಡನ್ನೂ ಧೈರ್ಯವಾಗಿ ಹಾಕಬಹುದು, ಈ ವಿಷಯಕ್ಕೆ ಕೆಳಗೆ ಬರ್ತೀನಿ.

ಈ ಕೋವಿ ಓಡಾಡಿದ ಜಾಗ ಒಂದೆರಡಲ್ಲ. 1909ರಲ್ಲಿ ಅಮೆರಿಕದ ಮಾಜಿ ಪ್ರೆಸಿಡೆಂಟ್ ಥಿಯೋಡೋರ್ ರೂಸ್‌ವೆಲ್ಟ್ ಆಫ್ರಿಕಾಕ್ಕೆ ಶಿಕಾರಿಗೆ ಹೋದಾಗ ಸಿಂಹಕ್ಕೆ ಅಂತ .405 ಒಯ್ದಿದ್ದ, ಮೊದಲನೇ ಮಹಾಯುದ್ಧದಲ್ಲಿ ರಷ್ಯಾದ ಸೈನ್ಯ ಸುಮಾರು ಮೂರು ಲಕ್ಷ ಕೋವಿ ತರಿಸ್ಕೊಳ್ತು, ಅಂದ್ರೆ ಒಟ್ಟು ತಯಾರಾಗಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಗೇ ಹೋಯ್ತು. ಇಲ್ಲಿ ದೊರೆಗಳು, ಪ್ಲಾಂಟರುಗಳು ಇದನ್ನ ಇಟ್ಕೊಂಡಿದ್ದಕ್ಕೆ ಕಾರಣ ಸಿಂಪಲ್, ಇಂಗ್ಲೆಂಡಿನ ಜೋಡು ನಳಿಗೆ ರೈಫಲ್ ತಗೊಳ್ಳೋಷ್ಟು ದುಡ್ಡು ಎಲ್ಲರ ಹತ್ರ ಇರ್ಲಿಲ್ಲ, ಇದು ಅಗ್ಗ, ಹುಲಿಗೂ ಸಾಕು. ಕಡೂರು, ಎಮ್ಮೆದೊಡ್ಡಿ ಕಡೆಯೆಲ್ಲ ಅಲೆದ ಆಂಡರ್ಸನ್ ಬೆಂಗಳೂರಿನವರು, ರಾಜ ಮಹಾರಾಜ ಏನಲ್ಲ, ಅವರ ಕೈಲಿ ಇದಿದ್ದಿದ್ದು ಆಶ್ಚರ್ಯ ಅಲ್ಲ.

ಎರಡನೇ ಮಹಾಯುದ್ಧದ ಹೊತ್ತಿಗೆ ತಯಾರಿ ನಿಂತಿತ್ತು. 1984ರಲ್ಲಿ ಬ್ರೌನಿಂಗ್ ಹೆಸರಲ್ಲಿ ಜಪಾನಿನ ಮಿರೋಕು ಕಂಪನಿ ಮತ್ತೆ ಮಾಡ್ತು, ಆಮೇಲೆ ವಿಂಚೆಸ್ಟರ್ ಹೆಸರಲ್ಲೇ ಬಂತು, .405 ಅಂತೂ 2000ದ ಆಸುಪಾಸಲ್ಲಿ ವಾಪಸ್ ಬಂತು. ಕೆಲಸ ಬಹಳ ನೀಟು, ಮರಕ್ಕೂ ಉಕ್ಕಿಗೂ ನಡುವೆ ಉಗುರು ತೂರಲ್ಲ. ಹೊಸದರಲ್ಲಿ ಕೋವಿ ಹಿಡಿಯ ಕತ್ತಿನ ಹತ್ರ ಹೆಬ್ಬೆರಳಿಗೆ ಸಿಗೋ ಹಾಗೆ ಒಂದು ಸೇಫ್ಟಿ ಬಟನ್ ಸೇರಿಸಿದಾರೆ, ಹಳೇದರಲ್ಲಿ ಅದು ಇರ್ಲಿಲ್ಲ, ಕುದುರೆನ (ಈಡು ಹಾರಿಸೋ ಸುತ್ತಿಗೆನ) ಅರ್ಧಕ್ಕೆ ನಿಲ್ಲಿಸೋದೊಂದೇ ಸೇಫ್ಟಿ. ಹಳೇ ಕೋವಿ ಪ್ರೇಮಿಗಳಿಗೆ ಈ ಬಟನ್ ಕಂಡ್ರೆ ಆಗಲ್ಲ, ಅಂದ ಕೆಡ್ತು ಅಂತಾರೆ. ನನಗೇನೂ ಬೇಜಾರಿಲ್ಲ, ಮುಳ್ಳುತಂತಿ ಬೇಲಿ ದಾಟಿ ಓಡಾಡೋರಿಗೆ ಒಂದು ಸೇಫ್ಟಿ ಜಾಸ್ತಿ ಇದ್ರೆ ಏನು ಗಂಟು ಹೋಗುತ್ತೆ?

ನಮ್ಮ ಕಡೆ ಹಿರಿಯ ಪ್ಲಾಂಟರೊಬ್ಬರ ಮನೇಲಿ ಹಳೇ 1895 ಕೈಲಿ ಹಿಡಿದು ನೋಡಿದೀನಿ, ಲೈಸೆನ್ಸ್ ಇದ್ದಿದ್ದೇ, ತೋಟಾ ಮಾತ್ರ ಇಲ್ಲ. ಲೀವರನ್ನ ಕೆಳಕ್ಕೆ ತಳ್ಳಿದ್ರೆ ಬರೀ ಲೀವರ್ ಬರಲ್ಲ, ಕೋವಿಯ ತಳಭಾಗದ ಒಂದು ತುಂಡೂ ಬಾಗಿಲು ತೆರೆದ ಹಾಗೆ ಕೆಳಗೆ ಬಿಚ್ಕೊಳ್ಳುತ್ತೆ, ಮೇಲೆ ಬೋಲ್ಟ್ ಹಿಂದಕ್ಕೆ ಜಾರಿ ನಿಮ್ಮ ಮೂಗಿನ ಹತ್ರಕ್ಕೇ ಬರುತ್ತೆ, ಖಾಲಿ ತೋಟಾ ಮೇಲಕ್ಕೆ ಹಾರುತ್ತೆ. ವಿಡಿಯೋದಲ್ಲಿ ನೋಡಿದಷ್ಟು ನೈಸ್ ಅಲ್ಲ, ಅರ್ಧಂಬರ್ಧ ಎಳೆದ್ರೆ ಸಿಕ್ಕಾಕ್ಕೊಳ್ಳುತ್ತೆ. ಎಳೆದ್ರೆ ಪೂರ್ತಿ ಎಳೀಬೇಕು, ಮುಚ್ಚಿದ್ರೆ ಪೂರ್ತಿ ಮುಚ್ಚಬೇಕು.

ಪ್ರ: ನನ್ನ ತಮ್ಮ ಅಮೆರಿಕದಲ್ಲಿ ಸೆಟ್ಲ್ ಆಗಿದಾನೆ, ಅಲ್ಲಿ ಲೈಸೆನ್ಸ್ ತಗೊಂಡು ಜಿಂಕೆ ಬೇಟೆಗೆ ಹೋಗೋದು ಮಾಮೂಲು. ಈ ಹೊಸ 1895 ತಗೋತೀನಿ, .405, .30-06, .30-40 ಕ್ರಾಗ್, .270 ಇಷ್ಟರಲ್ಲಿ ಯಾವುದು ಅಂತ ಕೇಳ್ತಿದಾನೆ. ನಾನು ಕಣ್ಮುಚ್ಚಿ .405 ಅಂದೆ. ನೀವೇನಂತೀರಿ? — ಓದುಗರು, ಆಲ್ದೂರು

ಉ: ನೀವು ಕಣ್ಮುಚ್ಚಿ ಹೇಳಿದ್ರಿ, ಹೆಗಲು ಕೊಡೋದು ತಮ್ಮ ಅಲ್ವಾ ಮಾರಾಯ್ರೆ! ಬನ್ನಿ ಒಂದೊಂದಾಗಿ ನೋಡಾಣ.

.405 ಬಂದಿದ್ದು 1904ರಲ್ಲಿ, ಈ ಕೋವಿಗೇ ಅಂತ ಮಾಡಿದ ತೋಟಾ. 300 ಗ್ರೇನ್ ಗುಂಡು, ಅಂದ್ರೆ ಹತ್ತಿರ ಹತ್ತಿರ ಇಪ್ಪತ್ತು ಗ್ರಾಂ ಸೀಸ, ಸೆಕೆಂಡಿಗೆ 2200 ಅಡಿ ವೇಗದಲ್ಲಿ ಹೊರಡುತ್ತೆ. ನಳಿಗೆ ಬಾಯಲ್ಲಿ 3200 ಫುಟ್ ಪೌಂಡ್‌ಗೂ ಚೂರು ಮೇಲೆ ಶಕ್ತಿ. ಆ ಕಾಲದ ಲೀವರ್ ಕೋವಿಗಳಲ್ಲಿ ಇದಕ್ಕಿಂತ ಜೋರಿನದು ಇರ್ಲಿಲ್ಲ ಅಂದ್ರೂ ನಡೆಯುತ್ತೆ. ಆದ್ರೆ ಗುಂಡು ದಪ್ಪ, ಗಾಳಿನ ಸೀಳ್ಕೊಂಡು ಹೋಗೋ ಮೈ ಅಲ್ಲ ಅದಕ್ಕೆ. 100 ಗಜಕ್ಕೆ ಸರಿಯಾಗಿ ಸೆಟ್ ಮಾಡಿದ್ರೆ 200 ಗಜಕ್ಕೆ ಹೋಗೋಷ್ಟರಲ್ಲಿ ಒಂದು ಗೇಣು ಹತ್ರ ಕೆಳಗೆ ಬಿದ್ದಿರುತ್ತೆ, ಆಮೇಲಿಂದಂತೂ ಕಲ್ಲು ಬಿದ್ದ ಹಾಗೆ. ಒದೆ ಬೇರೆ. ಹಳೇ ಕೋವಿಗಳ ಹಿಂತುದಿಗೆ, ಹೆಗಲಿಗೆ ಊರೋ ಕಡೆ, ಅರ್ಧಚಂದ್ರದ ಹಾಗೆ ಬಾಗಿದ ಉಕ್ಕಿನ ಪಟ್ಟಿ ಇರ್ತಿತ್ತು, ಅದರ ಕೆಳಗಿನ ಮೊನೆ ಕಂಕುಳ ಹತ್ರ, ಮೇಲಿನ ಮೊನೆ ಹೆಗಲ ಮೂಳೆಗೆ, ಈಡು ಹಾರಿದಾಗ ಎರಡೂ ಕಡೆ ಒಟ್ಟಿಗೆ ನೆನಪಾಗುತ್ತೆ. ಹೆಗಲಲ್ಲಿ ಸರಿಯಾಗಿ ಕೂರಿಸ್ದೆ ಇದ್ರೆ ಮೂರು ದಿನ ಕೈ ಎತ್ತಿ ಶರ್ಟ್ ಹಾಕ್ಕೊಳ್ಳೋಕಾಗಲ್ಲ.

ತೋಟಾ ಸಿಗೋದು ಇನ್ನೊಂದು ತಲೆನೋವು. ಹಾರ್ನಡಿ ಕಂಪನಿ .405 ಮಾಡುತ್ತೆ ನಿಜ, ಆದ್ರೆ ಬೇಕು ಅಂದಾಗ ಬೇಕಾದ ಅಂಗಡೀಲಿ ಸಿಗೋ ಸಾಮಾನಲ್ಲ, ರೇಟೂ ಕೈ ಸುಡುತ್ತೆ. ಹಳೇ ವಿಲ್ಲಿಸ್ ಜೀಪ್ ಸಾಕಿದೋರಿಗೆ ಇದು ಬಿಡಿಸಿ ಹೇಳೋದೇ ಬೇಡ, ಗಾಡಿ ಬಂಗಾರ, ಒಂದು ಸ್ಪೇರಿಗೆ ಊರೂರು ಸುತ್ತಬೇಕು.

.30-06, ಬಾಯಲ್ಲಿ ಥರ್ಟಿ ಆಟ್ ಸಿಕ್ಸ್ ಅಂತೀವಲ್ಲ, 1906ರದ್ದು. 180 ಗ್ರೇನ್ ಗುಂಡು ಸೆಕೆಂಡಿಗೆ 2700 ಅಡಿ, ಶಕ್ತಿ 2900ರ ಹತ್ರ. ಕಾಗದದ ಮೇಲೆ .405ಗಿಂತ ಚೂರು ಕಡಿಮೆ, ಆದ್ರೆ ದೂರ ಹೋದಷ್ಟೂ ಇದೇ ಮುಂದೆ, ಯಾಕಂದ್ರೆ ವೇಗ ಅಷ್ಟು ಬೇಗ ಕಳ್ಕೊಳ್ಳಲ್ಲ. ಅಮೆರಿಕದಲ್ಲಿ ಕೋವಿ ಸಾಮಾನು ಮಾರೋ ಅಂಗಡಿ ಅಂದ್ಮೇಲೆ ಅಲ್ಲಿ .30-06 ಇದ್ದೇ ಇರುತ್ತೆ. ಜಿಂಕೆಗೆ, ಅದರಪ್ಪ ಎಲ್ಕ್‌ಗೆ ಧಾರಾಳ ಸಾಕು.

.30-40 ಕ್ರಾಗ್ 1892ರಲ್ಲಿ ಅಮೆರಿಕದ ಸೈನ್ಯ ತಗೊಂಡ ತೋಟಾ, ಹೊಗೆ ಇಲ್ಲದ ಮದ್ದಿನ ಮೊದಲ ಸಣ್ಣ ಬೋರು (ನಳಿಗೆ ತೂತಿನ ಅಳತೆ) ಅವರಿಗೆ. 1895 ಕೋವಿ ಹುಟ್ಟಿದಾಗ ಜೊತೆಗಿದ್ದಿದ್ದೇ ಇದು. ಒದೆ ಮೆತ್ತಗೆ, ತೋಟಾದ ಬುಡಕ್ಕೆ ರಿಮ್ (ಅಂಚು) ಇರೋದ್ರಿಂದ ಲೀವರ್ ಕೋವೀಲಿ ಚೆನ್ನಾಗಿ ನಡೆಯುತ್ತೆ. ನನ್ನನ್ನ ಕೇಳಿದ್ರೆ ಈ ಕೋವಿಗೆ ಮನಸಾರೆ ಒಪ್ಪೋ ಜೋಡಿ ಇದೇ, ಆದ್ರೆ ಇದರ ತೋಟಾನೂ ಅಪರೂಪ, ಮನೇಲೇ ತೋಟಾ ತುಂಬಿಸ್ಕೊಳ್ಳೋ ಹವ್ಯಾಸ ಇರೋರಿಗೆ ಸರಿ. ಅಲ್ಲಿ ಅದು ಕಾನೂನು ಪ್ರಕಾರ ನಡೆಯುತ್ತೆ, ಇಲ್ಲಿ ಕೂತು ಅದನ್ನ ನೋಡಿ ಕಲಿಯೋಕೆ ಹೋಗಬೇಡಿ, ಒಳಗೆ ಹೋಗ್ತೀರ.

ಇನ್ನು .270. ತೋಟಾ ಅದ್ಭುತ, 1925ರಿಂದ ಹೆಸರು ಮಾಡಿದ್ದು, 130 ಗ್ರೇನ್ ಗುಂಡು ಮೂರು ಸಾವಿರ ಅಡಿ ವೇಗ ದಾಟಿ ಗೀಟೆಳೆದ ಹಾಗೆ ಹೋಗುತ್ತೆ. ಅದರ ಮಜಾ ಇರೋದೇ ದೂರದ ಈಡಲ್ಲಿ, ದೂರದ ಈಡಿಗೆ ಸ್ಕೋಪ್ (ಗುರಿ ನೋಡೋ ದುರ್ಬೀನು) ಬೇಕು. ಈ ಕೋವೀಲಿ ಖಾಲಿ ತೋಟಾ ನೆತ್ತಿ ಮೇಲಿಂದ ಹಾರೋದ್ರಿಂದ ಅಲ್ಲಿ ಸ್ಕೋಪ್ ಕೂರಿಸೋಕೆ ಜಾಗನೇ ಇಲ್ಲ, ಪಕ್ಕಕ್ಕೆ ಸೊಟ್ಟಗೆ ಏನೋ ಒಂದು ಸಿಕ್ಕಿಸ್ತಾರೆ, ನೋಡೋಕೂ ಕೆಟ್ಟದು, ಹಿಡಿಯೋಕೂ ಕೆಟ್ಟದು. ಬರಿಗಣ್ಣಲ್ಲಿ ಹೊಡೆಯೋ ಕೋವಿಗೆ .270 ತಗೊಳ್ಳೋದು ದುಡ್ಡು ದಂಡ. ಕಂಪನಿಯವರು ಯಾಕೆ ಮಾಡಿದ್ರೋ.

ಹಂಗಾಗಿ ತಮ್ಮನಿಗೆ ಹೇಳಿ, ಬಳಸೋಕಾದ್ರೆ .30-06, ಗುರಿ ನೋಡೋ ಹಿಂದಿನ ಸೈಟ್ ತೆಗೆಸಿ ಸಣ್ಣ ತೂತಿನ ಪೀಪ್ ಸೈಟ್ ಹಾಕಿಸ್ಕೊಳ್ಳಲಿ. ವರ್ಷಕ್ಕೆ ಒಂದು ಡಬ್ಬಿ ತೋಟಾ ಹೊಡೆದು ಬಾಕಿ ದಿನ ಎಣ್ಣೆ ಹಚ್ಚಿ ನೋಡ್ಕೊಂಡು ಆಂಡರ್ಸನ್ ನೆನೆಸ್ಕೊಳ್ಳೋದಾದ್ರೆ .405. ಇದರಲ್ಲಿ ಎರಡನೇದೂ ತಪ್ಪೇನಲ್ಲ.

ಪ್ರ: ಹೊಸದಾಗಿ ಬಂದಿರೋ 1895 ರೂಗರ್ ಕಂಪನೀದು, .45-70 ತೋಟಾದ್ದು ಅಂತ ನನ್ನ ಫ್ರೆಂಡ್ ವಾದ ಮಾಡ್ತಾನೆ. ಜಪಾನ್ ಅಂತ ನೀವು ಬರೆದಿದ್ದು ತಪ್ಪಂತೆ. ಒಂದು ಊಟದ ಬೆಟ್ ಇದೆ, ದಯವಿಟ್ಟು ಬೇಗ ಉತ್ತರಿಸಿ. — ಓದುಗರು, ಸಕಲೇಶಪುರ

ಉ: ಬೆಟ್ಟಲ್ಲಿ ಇಬ್ರೂ ಸೋಲಲ್ಲ, ಬಿಲ್ ಅರ್ಧರ್ಧ ಹಾಕ್ಕೊಳ್ಳಿ. 1895 ಅನ್ನೋ ನಂಬರ್ ಎರಡು ಕಂಪನಿಗಳಲ್ಲಿ ಇದೆ. ನಾನು ಬರೆದಿದ್ದು ವಿಂಚೆಸ್ಟರ್ 1895. ನಿಮ್ಮ ಫ್ರೆಂಡ್ ಹೇಳ್ತಿರೋದು ಮಾರ್ಲಿನ್ 1895.

ಮಾರ್ಲಿನ್ ಕತೆನೂ ಮತ್ತೆ ಹುಟ್ಟಿದ ಕತೆನೇ. 1870ರಲ್ಲಿ ಜಾನ್ ಮಾರ್ಲಿನ್ ಶುರು ಮಾಡಿದ ಕಂಪನಿ, 2008ರ ಹೊತ್ತಿಗೆ ರೆಮಿಂಗ್ಟನ್ ಕೈಗೆ ಹೋಯ್ತು, ಹಳೇ ಫ್ಯಾಕ್ಟರಿ ಮುಚ್ಚಿ ಮಷಿನ್ ಬೇರೆ ಕಡೆ ಸಾಗಿಸಿದ್ರು, ಹಳೇ ಕೈಗಳು ಹೋದ್ವು, ಕೆಲವು ವರ್ಷ ಫಿನಿಷಿಂಗ್ ಬಗ್ಗೆ ಜನ ಬೈದಿದ್ದೇ ಬೈದಿದ್ದು. 2020ರಲ್ಲಿ ರೆಮಿಂಗ್ಟನ್ ದಿವಾಳಿ ಎದ್ದಾಗ ಮಾರ್ಲಿನ್ ಹೆಸರನ್ನ ರೂಗರ್ ಕಂಪನಿ ಕೊಂಡ್ಕೊಳ್ತು. ಅವಸರ ಮಾಡದೆ 2021ರ ಕೊನೆಗೆ ಮೊದಲ ಕೋವಿ ಹೊರಗೆ ಬಿಟ್ರು, ಅದೇ ಸ್ಟೇನ್‌ಲೆಸ್ ಸ್ಟೀಲಿನ 1895, .45-70ದ್ದು. 2023ರಲ್ಲಿ 336 ಕ್ಲಾಸಿಕ್ ಬಂತು, ಇದು .30-30ದ್ದು. ಈಗಿನವು ಚೆನ್ನಾಗಿವೆ ಅನ್ನೋದೇ ಬಳಸೋರ ಮಾತು.

.45-70 ಅಂದ್ರೆ 1873ರ ಮುದುಕ. .45 ಬೋರು, 70 ಗ್ರೇನ್ ಕರಿಮದ್ದು, ಸೈನ್ಯದ ಗುಂಡಿನ ತೂಕ 405 ಗ್ರೇನ್. ಈ 405 ತೂಕ, ಆಂಡರ್ಸನ್ ಕೋವಿಯ .405 ಬೋರು, ಎರಡನ್ನೂ ಕಲಸಿಬಿಟ್ಟೇ ನಿಮ್ಮ ವಾದ ಇಷ್ಟು ಬೆಳೆದಿರೋದು ಅನ್ಸುತ್ತೆ. ಈ ತೋಟಾದಲ್ಲಿ ಒಂದು ಅಪಾಯ ಇದೆ. ಹೊರಗಿನ ಅಳತೆ ಒಂದೇ ಆದ್ರೂ ಒಳಗಿನ ಮದ್ದು ಬೇರೆ ಬೇರೆ ಜೋರಿನದು ಇರುತ್ತೆ, ಹಳೇ ಟ್ರ್ಯಾಪ್‌ಡೋರ್ ಸ್ಪ್ರಿಂಗ್‌ಫೀಲ್ಡ್ ಕೋವಿಗೆ ಮೆತ್ತನೇದು, ಈಗಿನ ಮಾರ್ಲಿನ್‌ಗೆ ಜೋರಿನದು. ಜೋರಿನದನ್ನ ಹಳೇದಕ್ಕೆ ಹಾಕಿದ್ರೆ ಕೋವಿ ಒಡೆದು ಮುಖಕ್ಕೆ ಬರುತ್ತೆ. ಡಬ್ಬಿ ಮೇಲೆ ಬರೆದಿರೋದನ್ನ ಓದದೆ ಹೊಡೆಯೋ ತೋಟಾ ಅಲ್ಲ ಇದು.

ಮಾರ್ಲಿನ್ ಎರಡರಲ್ಲೂ ಮ್ಯಾಗಜೀನ್ ನಳಿಗೆ ಕೆಳಗಿನ ಕೊಳವೆ. ಒಂದು ಗುಂಡಿನ ಮೂತಿ ಮುಂದಿನ ತೋಟಾದ ಕೇಪಿಗೆ (ಬುಡದಲ್ಲಿ ಕಿಡಿ ಹೊತ್ತಿಸೋ ಭಾಗಕ್ಕೆ) ಮುತ್ತು ಕೊಡ್ತಾ ಕೂತಿರುತ್ತೆ, ಚೂಪು ಗುಂಡಾದ್ರೆ ಕೋವಿ ಒದ್ದಾಗ ಒಳಗೇ ಢಂ. ಅದಕ್ಕೇ ಇವಕ್ಕೆ ಮೂತಿ ಚಪ್ಪಟೆ ಇರೋ ಗುಂಡೇ ಹಾಕೋದು. ಹಾರ್ನಡಿಯವರು ರಬ್ಬರಿನ ಹಾಗೆ ಬಗ್ಗೋ ಚೂಪು ಮೂತಿ ಮಾಡಿ ಈ ಗಂಟು ಬಿಡಿಸಿದ್ರು, ಅದರಿಂದ .30-30ಯ ಕೈ ಸ್ವಲ್ಪ ಉದ್ದ ಆಯ್ತು. ಸ್ಕೋಪ್ ಬೇಕೇ ಬೇಕು ಅನ್ನೋರಿಗೆ ಮಾರ್ಲಿನ್ನೇ ಸರಿ, ಖಾಲಿ ತೋಟಾ ಪಕ್ಕದಿಂದ ಹಾರುತ್ತೆ, ನೆತ್ತಿ ಮುಚ್ಚಿದೆ.

ಪ್ರ: ನಮ್ಮಜ್ಜನ ಕಾಲದ ವಿಂಚೆಸ್ಟರ್ 1895 ಒಂದು ಬೀರುವಿನಲ್ಲಿದೆ, ಫೋಟೋ ಕಳಿಸಿದ್ದೇನೆ. ನಳಿಗೆ ಮೇಲೆ ".30 ಯು.ಎಸ್." ಅಂತ ಕೆತ್ತಿದೆ. ಇದಕ್ಕೆ .30-06 ತೋಟಾ ಆಗುತ್ತಾ? ಅಜ್ಜ ತೀರಿಕೊಂಡ ಮೇಲೆ ಲೈಸೆನ್ಸ್ ರಿನ್ಯೂ ಮಾಡಿಸಿಲ್ಲ. — ಓದುಗರು, ಬೇಲೂರು ತಾಲ್ಲೂಕು

ಉ: ಆಗಲ್ಲ. ಆಗಲ್ಲ ಅಂದ್ರೆ ಆಗಲ್ಲ. .30 ಯು.ಎಸ್. ಅಂದ್ರೆ .30-40 ಕ್ರಾಗ್. .30-06ದ್ದಾಗಿದ್ರೆ ".30 ಗವರ್ನಮೆಂಟ್ 06" ಅಂತ ಗುರುತು ಇರ್ತಿತ್ತು, ಅದಕ್ಕಿಂತ ಹಿಂದಿನ .30-03ಕ್ಕೆ "03" ಅಂತ. ಗುಂಡಿನ ದಪ್ಪ ಮೂರಕ್ಕೂ ಒಂದೇ ಅಂತ ಮೋಸ ಹೋಗಬೇಡಿ. ಕ್ರಾಗ್ ತೋಟಾದ ಬುಡಕ್ಕೆ ಅಂಚು ಇದೆ, .30-06ಕ್ಕೆ ಇಲ್ಲ, ಉದ್ದನೂ ಬೇರೆ, ಒಳಗಿನ ಪ್ರೆಷರ್ ಅಂತೂ ಬಹಳ ಜಾಸ್ತಿ. ನೂರು ವರ್ಷದ ಉಕ್ಕಿನ ಮೇಲೆ ಆ ಪ್ರಯೋಗ ಬೇಡ. ಈ ಮಾಡೆಲ್ ಹಿಂದೆ .303 ಬ್ರಿಟಿಷಲ್ಲೂ ಬರ್ತಿತ್ತು, ಬೇರೆ ಯಾರ ಮನೇಲಾದ್ರೂ ಅದಿದ್ರೆ ವಿಷಯ ಇನ್ನೂ ಗಂಭೀರ, .303 ನಮ್ಮಲ್ಲಿ ನಿಷೇಧಿತ ಬೋರು.

ಆದ್ರೆ ತೋಟಾ ವಿಚಾರ ಆಮೇಲಿನದು, ಮೊದಲು ಬೀರು ಖಾಲಿ ಮಾಡಿ. ಲೈಸೆನ್ಸ್‌ದಾರರು ತೀರಿಕೊಂಡ ಮೇಲೆ ಆ ಕೋವಿ ಮನೇಲಿ ಇಟ್ಕೊಳ್ಳೋದೇ ಕಾನೂನು ಪ್ರಕಾರ ತಪ್ಪು, ಆರ್ಮ್ಸ್ ಆಕ್ಟ್ 21ನೇ ಸೆಕ್ಷನ್ ಹೇಳೋದು ತಡ ಮಾಡದೆ ಹತ್ತಿರದ ಸ್ಟೇಷನ್ನಿಗೋ ಲೈಸೆನ್ಸ್ ಇರೋ ಡೀಲರ್ ಹತ್ರವೋ ಜಮಾ ಮಾಡಿ ಅಂತ. ಜಮಾ ಮಾಡಿದ್ರೆ ಕೋವಿ ಹೋಗೇ ಹೋಯ್ತು ಅಂತ ಹೆದರ್ಕೊಂಡು ಎಷ್ಟೋ ಮನೆಯವರು ಅಟ್ಟದ ಮೇಲೆ ಬಚ್ಚಿಡ್ತಾರೆ, ಅದೇ ದೊಡ್ಡ ಎಡವಟ್ಟು. ಜಮಾ ರಸೀದಿ, ಅಜ್ಜನ ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರ, ವಂಶವೃಕ್ಷ, ಬಾಕಿ ವಾರಸುದಾರರ ಒಪ್ಪಿಗೆ ಪತ್ರ ಇಟ್ಟು ಡಿಸಿ ಆಫೀಸಲ್ಲಿ ನಿಮ್ಮ ಹೆಸರಿಗೆ ಅರ್ಜಿ ಹಾಕಿ, 2016ರ ಆರ್ಮ್ಸ್ ರೂಲ್ಸಲ್ಲಿ ವಾರಸುದಾರರಿಗೇ ಅಂತ ದಾರಿ ಇದೆ. ಅಜ್ಜ ಬದುಕಿದ್ದಾಗಲೇ ಮಾಡಬಹುದಿತ್ತು, 70 ವರ್ಷ ತುಂಬಿದೋರು ಇಲ್ಲಾ 25 ವರ್ಷ ಕೋವಿ ಇಟ್ಕೊಂಡಿರೋರು ವಾರಸುದಾರರ ಹೆಸರಿಗೆ ವರ್ಗ ಮಾಡಿಸಬಹುದು. ಹಿರಿಯರಿರೋ ಮನೆಯವರು ಇದನ್ನ ಈಗ್ಲೇ ಯೋಚನೆ ಮಾಡಿ. ಇನ್ನೊಂದು, 2019ರ ತಿದ್ದುಪಡಿ ಆದ್ಮೇಲೆ ಒಬ್ಬರ ಹೆಸರಲ್ಲಿ ಎರಡೇ ಕೋವಿ, ಮೊದಲು ಮೂರು ಇತ್ತು. ನಿಮ್ಮ ಹೆಸರಲ್ಲಿ ಈಗಾಗಲೇ ಎರಡಿದ್ರೆ ತಮ್ಮನೋ ಮಗನೋ ಅರ್ಜಿ ಹಾಕಬೇಕು.

ತೋಟಾ ಸಿಗುತ್ತಾ ಅಂದ್ರೆ, ನಮ್ಮಲ್ಲಿ ಕ್ರಾಗ್ ತೋಟಾ ಸಿಗೋ ಆಸೆ ಬಿಟ್ಬಿಡಿ. ಲೈಸೆನ್ಸ್ ನಿಮ್ಮ ಹೆಸರಿಗೆ ಬಂದ್ಮೇಲೆ ಒಳಗಡೆ ಎಣ್ಣೆ ಬಟ್ಟೆ ಹಾಯಿಸಿ, ಆಯುಧ ಪೂಜೆಗೆ ಕುಂಕುಮ ಇಟ್ಟು, ಅಜ್ಜನ ನೆನಪಿಗೆ ಇಟ್ಕೊಳ್ಳಿ.

ಪ್ರ: ನಮ್ಮ ತೋಟಕ್ಕೆ ಆನೆ, ಹಂದಿ ಎರಡರ ಕಾಟನೂ ಇದೆ. .45-70 ಲೀವರ್ ಕೋವಿ ತರಿಸಬಹುದಾ? — ಓದುಗರು, ಆಲೂರು

ಉ: ತರಿಸೋಕಾಗಲ್ಲ. ಮಾಮೂಲಿ ಲೈಸೆನ್ಸ್‌ದಾರರು ವಿದೇಶದಿಂದ ಕೋವಿ ತರಿಸೋದು 1980ರ ದಶಕದಿಂದಲೇ ಬಂದ್, ಶೂಟಿಂಗ್ ಸ್ಪರ್ಧೆಯ ನುರಿತ ಆಟಗಾರರಿಗೆ ಮಾತ್ರ ವಿನಾಯಿತಿ, ಅದೂ ಅವರ ಆಟದ ಕೋವಿಗೆ.

ಆನೆ ವಿಷಯದಲ್ಲಿ ಕೋವಿ ಮಾತೇ ಬೇಡ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಷೆಡ್ಯೂಲಿನ ಪ್ರಾಣಿ ಅದು. ನಿಮ್ಮ ಕಷ್ಟ ಗೊತ್ತಿಲ್ದೆ ಹೇಳ್ತಿಲ್ಲ, ಆಲೂರು ಸಕಲೇಶಪುರದ ಕಡೆ ಬೆಳಿಗ್ಗೆ ಆಳುಗಳು ತೋಟಕ್ಕೆ ಇಳಿಯೋ ಮೊದಲು ಆನೆ ಎಲ್ಲಿದೆ ಅಂತ ಫೋನಲ್ಲಿ ಕೇಳ್ಕೊಂಡೇ ಇಳಿಯೋ ಪರಿಸ್ಥಿತಿ. ಆದ್ರೂ ಚರೆ ತಾಗಿ ಗಾಯ ಆದ ಆನೆ ನಾಳೆ ಬೆಳಿಗ್ಗೆ ಹಿಡಿಯೋದು ಹೊಡೆದೋರನ್ನಲ್ಲ, ಪಕ್ಕದ ತೋಟದ ಕೂಲಿ ಹೆಂಗಸನ್ನ. ಇಲಾಖೆಯ ಆನೆ ಟೀಮಿಗೆ ಫೋನ್ ಮಾಡಿ. ಹಂದಿಗೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು, ಬೆಳೆ ರಕ್ಷಣೆ ಲೈಸೆನ್ಸ್ ಇದೆ ಅಂದ್ರೆ ಬೇಟೆ ಲೈಸೆನ್ಸ್ ಅಂತಲ್ಲ. ಹೆದರಿಸೋಕೆ ಆಕಾಶಕ್ಕೆ ಒಂದು ಈಡು ಅಂದ್ರೆ ನಮ್ಮ ಹಳೇ 12 ಬೋರ್ ತೋಟಾ ಕೋವಿಗಿಂತ ಜೋರು ಶಬ್ದ ಬೇಕಾ?

ಪ್ರ: ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ, ನಮಗ್ಯಾಕೆ ಬೇಕು? ನಮ್ಮದೂ ಮಲೆನಾಡೇ ಅಲ್ವಾ? — ಓದುಗರು, ಕೊಪ್ಪ

ಉ: ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೂ ಇರೋ ವಿನಾಯಿತಿ ಅದು, ಬ್ರಿಟಿಷರ ಕಾಲದಿಂದ ಬಂದಿದ್ದು, ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಕೊಡಗಲ್ಲಿ ಮನೆ ಇದ್ದ ಮಾತ್ರಕ್ಕೆ ಎಲ್ಲರಿಗೂ ಸಿಗಲ್ಲ. ಹಾಸನ, ಚಿಕ್ಕಮಗಳೂರು ಜಿಲ್ಲೆಯವರಿಗೆ ಅದು ಅನ್ವಯಿಸಲ್ಲ, ಮಳೆ ಎಷ್ಟೇ ಬೀಳಲಿ.

ಪ್ರ: ನಮ್ಮ ಯಜಮಾನರು ರಾತ್ರಿ ಹನ್ನೊಂದಾದ್ರೂ ಯೂಟ್ಯೂಬಲ್ಲಿ ಈ ಲೀವರ್ ಕೋವಿ ವಿಡಿಯೋನೇ ನೋಡ್ತಾ ಕೂರ್ತಾರೆ, ಊಟಕ್ಕೆ ಕರೆದ್ರೂ ಚಕ್ ಚಕ್ ಅಂತ ಕೈ ಆಡಿಸ್ತಾರೆ. ಇವರಿಗೆ ಏನಾದ್ರೂ ದಾರಿ ಇದ್ಯಾ ಅಣ್ಣ? — ಓದುಗರು, ಅರೇಹಳ್ಳಿ

ಉ: ಇದೆ ಅಕ್ಕ, ಏರ್ ರೈಫಲ್. .177 ಬೋರಿಂದು, ಗುಂಡಿನ ಶಕ್ತಿ 20 ಜೌಲ್ ಮೀರದೆ ಇರೋದಕ್ಕೆ ಲೈಸೆನ್ಸ್ ಬೇಡ. ಲೀವರ್ ಹುಚ್ಚು ಇರೋರಿಗೇ ಅಂತ ವಾಲ್ಥರ್ ಕಂಪನಿ ವಿಂಚೆಸ್ಟರ್ ರೂಪದ್ದೇ ಒಂದು ಗ್ಯಾಸಿನ ಏರ್ ರೈಫಲ್ ಮಾಡುತ್ತೆ, ಆದ್ರೆ ಮೊದಲು ನಮ್ಮಲ್ಲೇ ತಯಾರಾಗೋ ಸಾದಾದೊಂದು ತಗೊಳ್ಳಲಿ, ನಳಿಗೆ ಮುರಿದು ಒಂದೊಂದೇ ಗುಂಡು ಹಾಕೋದು, ಗುರಿ ಕಲಿಯೋಕೆ ಅದೇ ಒಳ್ಳೇದು. ಕಣದ ಮೂಲೇಲಿ ಮರಳಿನ ಚೀಲ ಜೋಡಿಸಿ ಅದರ ಮುಂದೆ ಪೇಪರ್ ಕಟ್ಟಿ ಹೊಡೀಲಿ, ಕಾಫಿ ಹರಡಿರೋ ದಿನ ಬೇಡ, ಮಕ್ಕಳು ಆ ಕಡೆ ಸುಳಿದಾಡ್ದೆ ಇರೋ ಹಾಗೆ ನೋಡ್ಕೊಳ್ಳಿ. ಹಕ್ಕಿ ಪಕ್ಕಿ ಮೇಲೆ ಬಿಟ್ರೆ ಅದೂ ವನ್ಯಜೀವಿ ಕೇಸೇ ಅಂತ ಮೊದಲೇ ಹೇಳಿಡಿ, ಪಕ್ಕದ ಮನೆ ಕೋಳಿ ಮೇಲೆ ಬಿಟ್ರೆ ಅದನ್ನ ನೀವೇ ಸಂಭಾಳಿಸಬೇಕಾಗುತ್ತೆ.